ಹಾಲಿನ ಲೆಕ್ಕದ ಶೀಟಲ್ಲಿ ಸರಾಸರಿ: ಯಾವುದನ್ನ ಯಾವುದರಿಂದ ಭಾಗಿಸ್ತಿದೀವಿ?

ಹಳ್ಳಿ ಹಾಲಿನ ಸಂಘಗಳಲ್ಲಿ ಈಗ ಬಹಳ ಕಡೆ ಮೊದಲಿನ ಹಾಗೆ ಬರೀ ರಿಜಿಸ್ಟರ್ ಪುಸ್ತಕ ಇಲ್ಲ. ಕ್ಯಾನಿಂದ ಹಾಲು ಸುರಿದ ತಕ್ಷಣ ತೂಕದ ಮಷೀನು, ಫ್ಯಾಟ್ ನೋಡೋ ಮಷೀನು, ಕಂಪ್ಯೂಟರು ಮೂರೂ ಸೇರಿ ಒಂದು ಚೀಟಿ ಹೊಡೆದು ಕೊಡ್ತವೆ, ಆ ಲೆಕ್ಕ ಎಲ್ಲಾ ಒಳಗೆ ಉಳ್ಕೊಂಡಿರತ್ತೆ, ಬೇಕು ಅಂದ್ರೆ ಎಕ್ಸೆಲ್ ಫೈಲಾಗಿ ಹೊರಗೂ ತೆಗೀಬಹುದು. ಆ ಫೈಲು ವಾಟ್ಸಾಪಲ್ಲಿ ಬಂದ್ಮೇಲೆ ಶುರುವಾಗತ್ತೆ ನೋಡಿ ಪ್ರಶ್ನೆ: ಈ ತಿಂಗಳು ನಮ್ಮ ಮನೆ ಹಾಲಿನ ಸರಾಸರಿ ಫ್ಯಾಟ್ ಎಷ್ಟು, ಲೀಟರಿಗೆ ಸರಾಸರಿ ಎಷ್ಟು ರೂಪಾಯಿ ಬಿತ್ತು, ದಿನಕ್ಕೆ ಸರಾಸರಿ ಎಷ್ಟು ಲೀಟರ್ ಹಾಕಿದೀವಿ. ಮಹಾಸಭೆ ಹತ್ರ ಬಂದಾಗಂತೂ ಇದೇ ಪ್ರಶ್ನೆ ಇಡೀ ಸಂಘದ ಲೆಕ್ಕಕ್ಕೆ ಬರತ್ತೆ.

ಕಷ್ಟ ಏನಂದ್ರೆ ಒಂದೇ ಫೈಲನ್ನ ಇಬ್ಬರು ತಗೊಂಡು ಕೂತ್ರೆ ಎರಡು ಉತ್ತರ ಬರತ್ತೆ. ಒಬ್ರಿಗೆ 3.9 ಬಂದ್ರೆ ಇನ್ನೊಬ್ರಿಗೆ 3.8, ಅಲ್ಲಿಂದ ಮಾತು ಮಷೀನ್ ಸರಿ ಇಲ್ಲ, ಸೆಕ್ರೆಟ್ರಿ ಸರಿ ಇಲ್ಲ ಅನ್ನೋವರೆಗೂ ಹೋಗತ್ತೆ. ಎಷ್ಟೋ ಸಲ ಮಷೀನಲ್ಲೂ ತಪ್ಪಿರಲ್ಲ ಮನುಷ್ಯರಲ್ಲೂ ತಪ್ಪಿರಲ್ಲ, ಸರಾಸರಿ ತೆಗೆದ ರೀತಿ ಬೇರೆ ಆಗಿರತ್ತೆ ಅಷ್ಟೇ. ಫ್ಯಾಟ್ ಮೇಲೆ ದುಡ್ಡು ನಿಂತಿರೋದ್ರಿಂದ ಇದು ಹಾಲು ಹಾಕೋ ಪ್ರತಿಯೊಬ್ರಿಗೂ ಗೊತ್ತಿರಬೇಕಾದ ವಿಷಯ, ಹಾಗಾಗಿ ಬುಡದಿಂದಲೇ ನೋಡೋಣ.

ಶೀಟು ಹೇಗಿದೆ ಅಂತ ಇಟ್ಕೊಳ್ಳೋಣ

ಒಂದು ಹೊತ್ತಿಗೆ ಒಂದು ಸಾಲು. ಎ ಕಾಲಮ್ಮಲ್ಲಿ ತಾರೀಖು, ಬಿ ಅಲ್ಲಿ ಹೊತ್ತು (ಬೆಳಗ್ಗೆ ಅಥವಾ ಸಂಜೆ), ಸಿ ಅಲ್ಲಿ ಮೆಂಬರ್ ನಂಬರು, ಡಿ ಅಲ್ಲಿ ಲೀಟರು, ಇ ಅಲ್ಲಿ ಫ್ಯಾಟು, ಎಫ್ ಅಲ್ಲಿ ಎಸ್‌ಎನ್‌ಎಫ್, ಜಿ ಅಲ್ಲಿ ಲೀಟರ್ ದರ, ಎಚ್ ಅಲ್ಲಿ ಮೊತ್ತ. ಫ್ಯಾಟ್ ಅಂದ್ರೆ ಹಾಲಲ್ಲಿರೋ ಜಿಡ್ಡಿನ ಅಂಶ ಶೇಕಡಾ ಎಷ್ಟು ಅನ್ನೋದು, ಎಸ್‌ಎನ್‌ಎಫ್ ಅಂದ್ರೆ ನೀರು ಮತ್ತು ಜಿಡ್ಡು ಬಿಟ್ಟು ಹಾಲಲ್ಲಿ ಉಳಿಯೋ ಗಟ್ಟಿ ಅಂಶ, ಅಂದ್ರೆ ಪ್ರೋಟೀನು, ಹಾಲಿನ ಸಕ್ಕರೆ, ಖನಿಜ ಇವೆಲ್ಲಾ. ನಂದಿನಿ ಟೋನ್ಡ್ ಹಾಲಿನ ಪ್ಯಾಕೆಟ್ ಮೇಲೆ 3.0 ಮತ್ತು 8.5 ಅಂತ ಇರತ್ತಲ್ಲ, ಮೊದಲನೇದು ಫ್ಯಾಟು, ಎರಡನೇದು ಎಸ್‌ಎನ್‌ಎಫ್.

ಒಬ್ಬ ಮೆಂಬರಿಗೆ 30 ದಿನದ ತಿಂಗಳಲ್ಲಿ ಎರಡೂ ಹೊತ್ತು ಸೇರಿ 60 ಸಾಲು. ಮೊದಲ ಸಾಲು ತಲೆಬರಹಕ್ಕೆ ಹೋಗತ್ತೆ, ಹಾಗಾಗಿ ಲೆಕ್ಕ 2ನೇ ಸಾಲಿಂದ 61ನೇ ಸಾಲಿನವರೆಗೆ.

ಇನ್ನೊಂದು ವಿಷಯ, ಕೆಳಗೆ ಫಾರ್ಮುಲಾಗಳನ್ನ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಓದೋಕೆ ಸುಲಭ ಆಗ್ಲಿ ಅಂತ. ಶೀಟಲ್ಲಿ ಟೈಪ್ ಮಾಡೋವಾಗ ಫಂಕ್ಷನ್ ಹೆಸರು, ಕಾಲಮ್ ಹೆಸರು ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಎಕ್ಸೆಲ್ಲು, ಗೂಗಲ್ ಶೀಟ್ಸು, ಲಿಬ್ರೆ ಆಫೀಸು ಮೂರರಲ್ಲೂ ಇಲ್ಲಿರೋ ಫಂಕ್ಷನ್ನುಗಳು ಇವೆ.

ಆವರೇಜ್ ಫಂಕ್ಷನ್ ಒಳಗೆ ಏನು ನಡೆಯತ್ತೆ

ಎಲ್ಲಾ ಸಂಖ್ಯೆ ಕೂಡು, ಎಷ್ಟು ಸಂಖ್ಯೆ ಇದೆಯೋ ಅದರಿಂದ ಭಾಗಿಸು, ಇಷ್ಟೇ ಸರಾಸರಿ. ಶೀಟಲ್ಲಿ ಒಂದು ಖಾಲಿ ಸೆಲ್ಲಲ್ಲಿ

=ಆವರೇಜ್(ಇ2:ಇ61)

ಅಂತ ಹಾಕಿ ಎಂಟರ್ ಒತ್ತಿದ್ರೆ ಫ್ಯಾಟ್ ಕಾಲಮ್ಮಿನ ಸರಾಸರಿ ಬಂತು. ಫಾರ್ಮುಲಾನೇ ಬೇಡ ಅಂದ್ರೆ ಎಕ್ಸೆಲ್ಲಲ್ಲಿ ಆ ಕಾಲಮ್ಮನ್ನ ಮೌಸಲ್ಲಿ ಎಳೆದು ಸೆಲೆಕ್ಟ್ ಮಾಡಿ, ಪರದೆ ಕೆಳಗಿನ ಪಟ್ಟಿಯಲ್ಲಿ ಸರಾಸರಿ, ಎಣಿಕೆ, ಮೊತ್ತ ಮೂರೂ ಕಾಣತ್ತೆ. ಅಲ್ಲಿರೋ ಎಣಿಕೆಯನ್ನ ಯಾರೂ ನೋಡಲ್ಲ, ನಿಜವಾಗಿ ನೋಡಬೇಕಾಗಿರೋದು ಅದನ್ನೇ.

ಯಾಕಂದ್ರೆ ಮೇಲಿನ ಕೂಡೋ ಕೆಲಸದಲ್ಲಿ ಗೊಂದಲ ಆಗೋದು ಕಮ್ಮಿ, ಗೊಂದಲ ಎಲ್ಲಾ ಇರೋದು ಕೆಳಗೆ, ಎಷ್ಟರಿಂದ ಭಾಗಿಸಬೇಕು ಅನ್ನೋದ್ರಲ್ಲಿ. 60 ಹೊತ್ತಿಂದನಾ, ಹಾಲು ಹಾಕಿದ 54 ಹೊತ್ತಿಂದನಾ, 30 ದಿನದಿಂದನಾ, ಇಲ್ಲಾ ಒಟ್ಟು ಲೀಟರಿಂದನಾ? ನಾಲ್ಕಕ್ಕೂ ನಾಲ್ಕು ಉತ್ತರ ಬರತ್ತೆ, ನಾಲ್ಕನ್ನೂ ಜನ ಸರಾಸರಿ ಅಂತಲೇ ಕರೀತಾರೆ. ಯಾವುದು ಬೇಕು ಅನ್ನೋದು ನೀವು ಕೇಳೋ ಪ್ರಶ್ನೆ ಮೇಲೆ ನಿಂತಿದೆ, ಆ ಪ್ರಶ್ನೆ ಏನು ಅಂತ ಶೀಟಿಗೆ ಗೊತ್ತಿರಲ್ಲ.

ಖಾಲಿ ಸೆಲ್ಲು ಬೇರೆ, ಸೊನ್ನೆ ಬೇರೆ

ಹಸುಗೆ ಕೆಚ್ಚಲು ಬಾವು ಬಂತು, ಇಂಜೆಕ್ಷನ್ ಕೊಟ್ಟಿದಾರೆ, ಮೂರು ದಿನ ಅಂದ್ರೆ 6 ಹೊತ್ತು ಡೇರಿಗೆ ಹಾಲು ಹಾಕಿಲ್ಲ ಅಂತ ಇಟ್ಕೊಳ್ಳಿ. ಉಳಿದ 54 ಹೊತ್ತಲ್ಲಿ ಫ್ಯಾಟು ಸರಾಸರಿ 4.0 ಇತ್ತು. ಆ 6 ಸಾಲುಗಳಲ್ಲಿ ಫ್ಯಾಟ್ ಕಾಲಮ್ಮು ಖಾಲಿ ಇದ್ರೆ ಆವರೇಜ್ ಫಂಕ್ಷನ್ನು ಅವನ್ನ ಲೆಕ್ಕಕ್ಕೇ ತಗೊಳಲ್ಲ, 216ನ್ನ 54ರಿಂದ ಭಾಗಿಸಿ 4.0 ಕೊಡತ್ತೆ, ಸರಿಯಾಗೇ ಇದೆ. ಆದ್ರೆ ಕೆಲವು ಸಾಫ್ಟ್‌ವೇರು ಫೈಲ್ ಹೊರಗೆ ಕೊಡೋವಾಗ ಖಾಲಿ ಜಾಗಕ್ಕೆಲ್ಲಾ 0 ತುಂಬಿಬಿಡತ್ತೆ, ಕೆಲವು ಸಲ ನಾವೇ ಶೀಟು ಚೆನ್ನಾಗಿ ಕಾಣ್ಲಿ ಅಂತ 0 ಹಾಕ್ತೀವಿ. ಆಗ ಅದೇ 216ನ್ನ 60ರಿಂದ ಭಾಗಿಸತ್ತೆ, ಉತ್ತರ 3.6. ಹಾಲೇ ಹಾಕದ ಹೊತ್ತಿನ ಹಾಲಲ್ಲಿ ಜಿಡ್ಡು ಸೊನ್ನೆ ಅಂತ ನಾವು ಶೀಟಿಗೆ ಹೇಳಿದಂಗಾಯ್ತು, ಅದು ನಂಬ್ತು.

ಹಾಗಂತ ಸೊನ್ನೆ ಯಾವಾಗ್ಲೂ ತಪ್ಪಲ್ಲ, ಇಲ್ಲೇ ಎಚ್ಚರ ಬೇಕಾಗಿರೋದು. ಅದೇ ಸಾಲಿನ ಲೀಟರ್ ಕಾಲಮ್ ನೋಡಿ. ಆ ಹೊತ್ತು ಎಷ್ಟು ಲೀಟರ್ ಹಾಕಿದ್ರಿ ಅಂದ್ರೆ ಸೊನ್ನೆ ಲೀಟರು, ಅದು ಪಕ್ಕಾ ಉತ್ತರ. 54 ಹೊತ್ತಲ್ಲಿ ತಲಾ 5 ಲೀಟರಿನ ಹಾಗೆ ಒಟ್ಟು 270 ಲೀಟರ್ ಆಗಿದ್ರೆ, ಲೀಟರ್ ಕಾಲಮ್ಮು ಖಾಲಿ ಬಿಟ್ಟಾಗ ಆವರೇಜು 5 ಅನ್ನತ್ತೆ, 0 ಹಾಕಿದಾಗ 4.5 ಅನ್ನತ್ತೆ. 5 ಅನ್ನೋದು ಹಾಲು ಹಾಕಿದ ಹೊತ್ತಿನ ಸರಾಸರಿ, ಹಸುವಿನ ಇಳುವರಿ ಹೇಗಿದೆ ಅಂತ ನೋಡೋಕೆ ಅದು ಬೇಕು. 4.5 ಅನ್ನೋದು ತಿಂಗಳ ಎಲ್ಲಾ ಹೊತ್ತಿನ ಸರಾಸರಿ, ಮುಂದಿನ ತಿಂಗಳ ಆದಾಯ ಅಂದಾಜು ಮಾಡೋಕೆ, ಸಾಲದ ಕಂತು ಕಟ್ಟಬಹುದಾ ಅಂತ ನೋಡೋಕೆ ಅದು ಬೇಕು. ಇನ್ನು ದಿನಕ್ಕೆ ಎಷ್ಟು ಅಂತ ಕೇಳಿದ್ರೆ ಎರಡೂ ಅಲ್ಲ, 270ನ್ನ 30ರಿಂದ ಭಾಗಿಸಿ 9 ಲೀಟರು, ಯಾಕಂದ್ರೆ ಶೀಟಲ್ಲಿ ಒಂದು ಸಾಲು ಅಂದ್ರೆ ಒಂದು ಹೊತ್ತು, ಒಂದು ದಿನ ಅಲ್ಲ.

ಹಾಗಾಗಿ ಹಾಲು ಹಾಕದ ಹೊತ್ತಿನ ಸಾಲಲ್ಲಿ ಲೀಟರಿಗೆ 0 ಹಾಕಿ, ಫ್ಯಾಟು ಎಸ್‌ಎನ್‌ಎಫ್ ಎರಡನ್ನೂ ಖಾಲಿ ಬಿಡಿ. ಒಂದೇ ಸಾಲಲ್ಲಿ ಎರಡು ಥರ ಯಾಕೆ ಅನ್ಸಬಹುದು, ಆದ್ರೆ ಲೀಟರ್ ಅನ್ನೋದು ಅಳತೆ ಸಿಕ್ಕಿರೋ ವಿಷಯ, ಫ್ಯಾಟ್ ಅನ್ನೋದು ಅವತ್ತು ಅಳೆಯೋಕೆ ಹಾಲೇ ಇಲ್ಲದ ವಿಷಯ. ಈಗಾಗ್ಲೇ ಸೊನ್ನೆ ತುಂಬಿರೋ ಫೈಲ್ ಕೈಗೆ ಬಂದಿದ್ರೆ

=ಆವರೇಜ್‌ಇಫ್(ಇ2:ಇ61,">0")

ಅಂತ ಹಾಕಿ, ಸೊನ್ನೆಗಿಂತ ಜಾಸ್ತಿ ಇರೋದನ್ನ ಮಾತ್ರ ತಗೊಳ್ಳತ್ತೆ.

ಫ್ಯಾಟಿಗೆ ಬರೀ ಆವರೇಜ್ ಸಾಲಲ್ಲ

ಇದು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ, ಜಗಳಗಳ ಬೇರು ಸುಮಾರಾಗಿ ಇಲ್ಲೇ ಇರೋದು.

ಒಬ್ರ ಮನೆಯಿಂದ ಬೆಳಗ್ಗೆ 8 ಲೀಟರ್ ಹಾಲು ಹೋಯ್ತು, ಫ್ಯಾಟು 3.6. ಸಂಜೆ 4 ಲೀಟರು, ಫ್ಯಾಟು 4.2. ಬಹಳ ಮನೆಗಳಲ್ಲಿ ಹೀಗೇ ಇರತ್ತೆ, ಸಂಜೆ ಕರೆದ ಮೇಲೆ ಬೆಳಗ್ಗೆವರೆಗೂ ಗ್ಯಾಪ್ ಜಾಸ್ತಿ, ಕೆಚ್ಚಲು ತುಂಬೋಕೆ ಟೈಮ್ ಸಿಗತ್ತೆ, ಹಾಲು ಜಾಸ್ತಿ ಬರತ್ತೆ ಆದ್ರೆ ಜಿಡ್ಡಿನ ಶೇಕಡಾ ಕಮ್ಮಿ ಇರತ್ತೆ, ಬೆಳಗ್ಗೆಯಿಂದ ಸಂಜೆಗೆ ಗ್ಯಾಪ್ ಕಮ್ಮಿ, ಹಾಲು ಕಮ್ಮಿ, ಜಿಡ್ಡು ಜಾಸ್ತಿ. ಈಗ ಸರಾಸರಿ ಫ್ಯಾಟ್ ಎಷ್ಟು? ಆವರೇಜ್ ಫಂಕ್ಷನ್ 3.6 ಮತ್ತು 4.2 ಕೂಡಿ ಎರಡರಿಂದ ಭಾಗಿಸಿ 3.9 ಕೊಡತ್ತೆ.

ಆದ್ರೆ ಆ ಎರಡೂ ಹೊತ್ತಿನ ಹಾಲನ್ನ ಒಂದೇ ದೊಡ್ಡ ಕ್ಯಾನಿಗೆ ಸುರಿದು, ಚೆನ್ನಾಗಿ ಕಲಸಿ, ಅದರ ಫ್ಯಾಟ್ ನೋಡಿದ್ರೆ 3.9 ಬರಲ್ಲ. ಆ ಕ್ಯಾನಲ್ಲಿ ಮೂರರಲ್ಲಿ ಎರಡು ಪಾಲು ಬೆಳಗ್ಗೆದೇ ಹಾಲು, ಫ್ಯಾಟು ಬೆಳಗ್ಗೆದರ ಕಡೆಗೇ ವಾಲತ್ತೆ. ಲೆಕ್ಕ ಹೀಗೆ: 8 ಗುಣಿಸು 3.6 ಅಂದ್ರೆ 28.8, 4 ಗುಣಿಸು 4.2 ಅಂದ್ರೆ 16.8, ಎರಡೂ ಸೇರಿ 45.6, ಅದನ್ನ 12 ಲೀಟರಿಂದ ಭಾಗಿಸಿದ್ರೆ 3.8. ಇದಕ್ಕೆ ತೂಕದ ಸರಾಸರಿ ಅಂತಾರೆ, ಅಂದ್ರೆ ಪ್ರತಿ ಸಂಖ್ಯೆಗೂ ಅದರ ಹಿಂದೆ ಎಷ್ಟು ಹಾಲಿದೆ ಅನ್ನೋದ್ರ ಪ್ರಕಾರ ಬೆಲೆ ಕೊಡೋದು. ಶೀಟಲ್ಲಿ ಇದಕ್ಕೆ

=ಸಮ್‌ಪ್ರಾಡಕ್ಟ್(ಡಿ2:ಡಿ61,ಇ2:ಇ61)/ಸಮ್(ಡಿ2:ಡಿ61)

ಸಮ್‌ಪ್ರಾಡಕ್ಟ್ ಮಾಡೋ ಕೆಲಸ ನಾವು ಮೇಲೆ ಕೈಯಲ್ಲಿ ಮಾಡಿದ್ದೇ, ಪ್ರತಿ ಸಾಲಲ್ಲೂ ಲೀಟರನ್ನ ಫ್ಯಾಟಿಂದ ಗುಣಿಸಿ ಎಲ್ಲಾ ಕೂಡತ್ತೆ. ಇದರಲ್ಲಿ ಒಂದು ಅನುಕೂಲ ಕೂಡ ಇದೆ, ಹಾಲು ಹಾಕದ ಹೊತ್ತಲ್ಲಿ ಲೀಟರ್ 0 ಇದ್ರೆ ಫ್ಯಾಟಲ್ಲಿ ಸೊನ್ನೆ ಇದ್ರೂ ಖಾಲಿ ಇದ್ರೂ ವ್ಯತ್ಯಾಸ ಆಗಲ್ಲ, ಆ ಸಾಲಿಗೆ ತೂಕನೇ ಇಲ್ಲ. ಆದ್ರೆ ಹಾಲು ಹಾಕಿದಾರೆ, ಮಷೀನ್ ಕೆಟ್ಟಿತ್ತು ಫ್ಯಾಟ್ ನೋಡಿಲ್ಲ ಅನ್ನೋ ಸಾಲು ಇದ್ರೆ ಕಷ್ಟ, ಆ ಲೀಟರು ಕೆಳಗೆ ಸೇರತ್ತೆ, ಮೇಲೆ ಸೇರಲ್ಲ, ಉತ್ತರ ಸುಮ್ನೆ ಇಳಿಯತ್ತೆ. ಆಗ ಭಾಗಿಸೋ ಕಡೆ ಬರೀ ಸಮ್ ಬದಲು ಫ್ಯಾಟ್ ಇರೋ ಸಾಲಿನ ಲೀಟರ್ ಮಾತ್ರ ಕೂಡೋ ಹಾಗೆ ಬದಲಾಯಿಸಬೇಕು:

=ಸಮ್‌ಪ್ರಾಡಕ್ಟ್(ಡಿ2:ಡಿ61,ಇ2:ಇ61)/ಸಮ್‌ಇಫ್ಸ್(ಡಿ2:ಡಿ61,ಇ2:ಇ61,">0")

ಒಂದು ಮನೆ ಲೆಕ್ಕದಲ್ಲಿ 3.9ಕ್ಕೂ 3.8ಕ್ಕೂ ಇರೋ ವ್ಯತ್ಯಾಸ ಸಣ್ಣದು ಅನ್ಸತ್ತೆ. ಇಡೀ ಸಂಘಕ್ಕೆ ಬಂದಾಗ ಅದು ಎಷ್ಟಾಗತ್ತೆ ನೋಡಿ. ಒಬ್ರು ಎಮ್ಮೆ ಸಾಕಿದಾರೆ, 2 ಲೀಟರ್ ಹಾಕ್ತಾರೆ, ಫ್ಯಾಟ್ 5.0 ಬಿದ್ದಿದೆ. ಇನ್ನೊಬ್ರದ್ದು ಸೀಮೆಹಸು, 40 ಲೀಟರ್ ಹಾಕ್ತಾರೆ, ಫ್ಯಾಟ್ 3.5. ಚೀಟಿಗಳಲ್ಲಿರೋ ಫ್ಯಾಟು ಕೂಡಿ ಎರಡರಿಂದ ಭಾಗಿಸಿದ್ರೆ 4.25, ಇಬ್ರ ಹಾಲನ್ನೂ ಒಂದೇ ಕಡೆ ಸುರಿದ್ರೆ 150ನ್ನ 42ರಿಂದ ಭಾಗಿಸಿ 3.57. ಸಂಘದಿಂದ ಒಕ್ಕೂಟಕ್ಕೆ ಹೋಗೋ ಹಾಲು ಎಲ್ಲರದ್ದೂ ಬೆರೆತ ಹಾಲು, ಅಲ್ಲಿ ಪರೀಕ್ಷೆ ಮಾಡಿದಾಗ ಬರೋದು 3.57ರ ಹತ್ರದ ಸಂಖ್ಯೆ. ಇಲ್ಲಿ ಮೆಂಬರುಗಳ ಸರಾಸರಿ 4.25 ಇತ್ತು, ಅಲ್ಲಿ 3.57 ಅಂತ ಬರೆದಿದಾರೆ, ಮಧ್ಯದಲ್ಲಿ ಜಿಡ್ಡು ಎಲ್ಲಿ ಹೋಯ್ತು ಅಂತ ಕೇಳಿದ್ರೆ ಎಲ್ಲೂ ಹೋಗಿಲ್ಲ, 4.25 ಅನ್ನೋ ಹಾಲು ಯಾವತ್ತೂ ಇರಲೇ ಇಲ್ಲ. ಸ್ಯಾಂಪಲ್ ತೆಗೆಯೋದ್ರಲ್ಲಿ, ಮಷೀನ್ ಸರಿಮಾಡಿ ಇಟ್ಕೊಳ್ಳೋದ್ರಲ್ಲಿ ನಿಜವಾದ ವ್ಯತ್ಯಾಸಗಳು ಇರಬಹುದು, ಅದನ್ನ ಕೇಳೋ ಹಕ್ಕು ಪ್ರತಿ ಮೆಂಬರಿಗೂ ಇದೆ, ಆದ್ರೆ ಕೇಳೋ ಮುಂಚೆ ತೂಕದ ಸರಾಸರಿ ಕೈಯಲ್ಲಿರಬೇಕು, ಇಲ್ಲಾಂದ್ರೆ ತಪ್ಪಿಲ್ಲದ ಕಡೆ ತಪ್ಪು ಹುಡುಕಿದಂಗಾಗತ್ತೆ, ತಪ್ಪಿರೋ ಕಡೆ ಕಣ್ಣು ಹೋಗಲ್ಲ.

ಎಸ್‌ಎನ್‌ಎಫ್‌ಗೂ ಇದೇ ಲೆಕ್ಕ, ಇ ಬದಲು ಎಫ್ ಹಾಕಿ. ಲೀಟರ್ ದರದ ಸರಾಸರಿಗೆ ಇಷ್ಟೆಲ್ಲಾ ಬೇಡ, ಒಟ್ಟು ಮೊತ್ತವನ್ನ ಒಟ್ಟು ಲೀಟರಿಂದ ಭಾಗಿಸಿ, =ಸಮ್(ಎಚ್2:ಎಚ್61)/ಸಮ್(ಡಿ2:ಡಿ61), ಅದು ತಾನಾಗೇ ತೂಕದ ಸರಾಸರಿ ಆಗಿರತ್ತೆ. ಸರಾಸರಿ ಫ್ಯಾಟ್ ಇಟ್ಕೊಂಡು ದರದ ಚಾರ್ಟ್ ನೋಡಿ ಆ ದರಕ್ಕೆ ಒಟ್ಟು ಲೀಟರ್ ಗುಣಿಸೋ ಅಭ್ಯಾಸ ಕೆಲವರಿಗಿದೆ, ಅದು ಬಟವಾಡೆಯಲ್ಲಿ ಬಂದ ಹಣಕ್ಕೆ ಸರಿಯಾಗಿ ಕೂರಬೇಕು ಅಂತೇನಿಲ್ಲ, ಯಾಕಂದ್ರೆ ಬಟವಾಡೆ ಲೆಕ್ಕ ಹಾಕೋದು ಒಂದೊಂದು ಹೊತ್ತಿನ ಫ್ಯಾಟು ಎಸ್‌ಎನ್‌ಎಫ್ ನೋಡಿ.

ಸರಾಸರಿಗಳ ಸರಾಸರಿ ತೆಗೆದ್ರೆ

ತಿಂಗಳ ಸರಾಸರಿ 12 ಇದೆ, ವರ್ಷದ್ದು ಬೇಕು, 12ನ್ನೂ ಕೂಡಿ 12ರಿಂದ ಭಾಗಿಸೋಣ ಅನ್ನೋದು ಎಲ್ರಿಗೂ ಮೊದಲು ಹೊಳೆಯೋ ದಾರಿ. ಎಲ್ಲಾ ತಿಂಗಳೂ ಹಾಲು ಒಂದೇ ಅಳತೆ ಇದ್ರೆ ಮಾತ್ರ ಅದು ಸರಿ. ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಹಾಲು ಜಾಸ್ತಿ, ಬತ್ತೋ ಹೊತ್ತಿಗೆ ಹಾಲು ಕಮ್ಮಿ ಜಿಡ್ಡು ಜಾಸ್ತಿ, ದರನೂ ಆಗ ಸ್ವಲ್ಪ ಮೇಲೆ. ಒಂದು ತಿಂಗಳು 300 ಲೀಟರು ಲೀಟರಿಗೆ ₹36, ಇನ್ನೊಂದು ತಿಂಗಳು 100 ಲೀಟರು ₹40 ಅಂತ ಉದಾಹರಣೆಗೆ ಇಟ್ಕೊಂಡ್ರೆ, ನೇರ ಸರಾಸರಿ ₹38, ಕೈಗೆ ಬಂದ ಒಟ್ಟು ₹14,800ನ್ನ 400 ಲೀಟರಿಂದ ಭಾಗಿಸಿದ್ರೆ ₹37. ಕೈಗೆ ಬಂದಿರೋದು ₹37ರ ಲೆಕ್ಕದ್ದೇ.

ಸರಾಸರಿಗಳನ್ನ ಮಾತ್ರ ಬರೆದಿಟ್ಟು ಮೂಲ ಸಾಲು ಅಳಿಸಿದ್ರೆ ಆಮೇಲೆ ಇದನ್ನ ಸರಿ ಮಾಡೋಕೆ ದಾರಿನೇ ಇಲ್ಲ. ತಿಂಗಳ ಸರಾಸರಿ ಪಕ್ಕ ಆ ತಿಂಗಳ ಒಟ್ಟು ಲೀಟರನ್ನೂ ಬರೆದಿಟ್ಕೊಳ್ಳಿ, ಅಷ್ಟಿದ್ರೆ ವರ್ಷದ್ದು ಸರಿಯಾಗಿ ತೆಗೀಬಹುದು. ದಶಮಾಂಶದ ವಿಷಯನೂ ಇಲ್ಲೇ ಹೇಳಿಬಿಡ್ತೀನಿ, ಮಧ್ಯದ ಲೆಕ್ಕದಲ್ಲಿ 3.76ನ್ನ 3.8 ಮಾಡಬೇಡಿ, ಕೊನೆ ಉತ್ತರದಲ್ಲಿ ಮಾತ್ರ ದುಂಡು ಮಾಡಿ.

ನಂಬರಂತೆ ಕಾಣೋದೆಲ್ಲಾ ನಂಬರಲ್ಲ

ಫಾರ್ಮುಲಾ ಸರಿ ಇದೆ, ಉತ್ತರ ಮಾತ್ರ ವಿಚಿತ್ರ ಅಂದ್ರೆ ಕಾಲಮ್ಮೊಳಗೆ ಏನೋ ಕೂತಿದೆ ಅಂತ ಅರ್ಥ.

ಮೊದಲನೇದು ಅಕ್ಷರವಾಗಿ ಕೂತಿರೋ ಸಂಖ್ಯೆ. ಬೇರೆ ಸಾಫ್ಟ್‌ವೇರಿಂದ ಬಂದ ಫೈಲಲ್ಲಿ 3.8 ಅನ್ನೋದು ಕಣ್ಣಿಗೆ ಸಂಖ್ಯೆ, ಶೀಟಿಗೆ ಅಕ್ಷರ. ಹಿಂದೆ ಒಂದು ಸ್ಪೇಸ್ ಇರಬಹುದು, ಯಾರೋ 5 ಲೀ ಅಂತ ಟೈಪ್ ಮಾಡಿರಬಹುದು, 3..8 ಅಂತ ಎರಡು ಚುಕ್ಕಿ ಬಿದ್ದಿರಬಹುದು. ಆವರೇಜ್ ಫಂಕ್ಷನ್ನು ಇವನ್ನ ಬಾಯಿ ಬಿಡದೆ ಬಿಟ್ಟು ಮುಂದೆ ಹೋಗತ್ತೆ, ತಪ್ಪಿದೆ ಅಂತ ಹೇಳಲ್ಲ, ಇದೇ ಅಪಾಯ. ಕಾಲಮ್ಮಲ್ಲಿ ಎಲ್ಲವೂ ಅಕ್ಷರವೇ ಆಗಿದ್ರೆ ಆಗ #ಡಿವ್/0! ಅಂತ ಎರರ್ ತೋರ್ಸತ್ತೆ, ಭಾಗಿಸೋಕೆ ಒಂದೂ ಸಂಖ್ಯೆ ಸಿಕ್ಕಿಲ್ಲ ಅಂತ ಅದರ ಅರ್ಥ. ಸಂಖ್ಯೆ ಸಾಮಾನ್ಯವಾಗಿ ಸೆಲ್ಲಿನ ಬಲಕ್ಕೆ ಅಂಟಿರತ್ತೆ, ಅಕ್ಷರ ಎಡಕ್ಕೆ, ಅದೊಂದು ಗುರುತು. ಇನ್ನೂ ಗಟ್ಟಿ ಪರೀಕ್ಷೆ ಬೇಕು ಅಂದ್ರೆ =ಕೌಂಟ್(ಇ2:ಇ61) ಮತ್ತು =ಕೌಂಟ್‌ಎ(ಇ2:ಇ61) ಎರಡನ್ನೂ ಹಾಕಿ ನೋಡಿ. ಕೌಂಟ್ ಎಣಿಸೋದು ಸಂಖ್ಯೆಗಳನ್ನ ಮಾತ್ರ, ಕೌಂಟ್‌ಎ ಎಣಿಸೋದು ಖಾಲಿ ಇಲ್ಲದ ಎಲ್ಲವನ್ನ. ಎರಡೂ ಒಂದೇ ಬಂದ್ರೆ ನಿಶ್ಚಿಂತೆ, ಬೇರೆ ಬಂದ್ರೆ ಅಷ್ಟು ಸೆಲ್ಲಲ್ಲಿ ಸಂಖ್ಯೆ ಅಲ್ಲದ್ದು ಏನೋ ಇದೆ. ಎಕ್ಸೆಲ್ಲಲ್ಲಿ ಆ ಕಾಲಮ್ ಸೆಲೆಕ್ಟ್ ಮಾಡಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆರೆದು ನೇರ ಫಿನಿಶ್ ಒತ್ತಿದ್ರೆ ಬಹಳಷ್ಟು ಸಂಖ್ಯೆ ಆಗಿಬಿಡ್ತವೆ, ಉಳಿದಿದ್ದನ್ನ ಕೈಯಲ್ಲಿ ತಿದ್ದಬೇಕು.

ಎರಡನೇದು ತಾರೀಖಾಗಿ ಬದಲಾದ ಫ್ಯಾಟು. ಅವಸರದಲ್ಲಿ 4.2 ಬದಲು 4-2 ಅಂತ ಟೈಪ್ ಆದ್ರೆ ಶೀಟು ಅದನ್ನ ಫೆಬ್ರವರಿ 4 ಅಂತ ತಿಳ್ಕೊಳ್ಳತ್ತೆ. ಎಕ್ಸೆಲ್ಲಿಗೆ ತಾರೀಖು ಅಂದ್ರೆ ಒಳಗೆ ಒಂದು ಸಂಖ್ಯೆ, 1900ರ ಶುರುವಿಂದ ಎಣಿಸ್ಕೊಂಡು ಬಂದ ದಿನಗಳು, 2025ರ ಫೆಬ್ರವರಿ 4 ಅಂದ್ರೆ 45,692. 60 ಸಾಲಲ್ಲಿ ಒಂದು ಹೀಗಾದ್ರೆ ಸರಾಸರಿ ಫ್ಯಾಟು 760 ದಾಟತ್ತೆ. ಇದು ಒಳ್ಳೇದೇ, ನೋಡಿದ ತಕ್ಷಣ ಗೊತ್ತಾಗತ್ತೆ.

ಗೊತ್ತಾಗದೆ ಇರೋದು ಮೂರನೇದು, ಚುಕ್ಕಿ ಬಿಟ್ಟುಹೋಗೋದು. 59 ಸಾಲಲ್ಲಿ 3.8 ಇದೆ, ಒಂದರಲ್ಲಿ ಚುಕ್ಕಿ ಬಿದ್ದಿಲ್ಲ, 38 ಆಗಿದೆ. ಸರಾಸರಿ 4.37 ಬರತ್ತೆ. 4.37 ಅನ್ನೋದು ಯಾರಿಗೂ ಅನುಮಾನ ಬರದ ಸಂಖ್ಯೆ, ಅಯ್ಯೋ ಚೆನ್ನಾಗೇ ಇದೆ ಅಂತ ಖುಷಿ ಪಡ್ತೀವಿ. ಹಾಗಾಗಿ ಸರಾಸರಿ ಪಕ್ಕ ಯಾವಾಗ್ಲೂ =ಮಿನ್ ಮತ್ತು =ಮ್ಯಾಕ್ಸ್ ಹಾಕಿಡಿ, ಅತಿ ಕಮ್ಮಿ ಅತಿ ಜಾಸ್ತಿ ಎರಡೂ ಕಣ್ಣಿಗೆ ಬೀಳತ್ತೆ. =ಮೀಡಿಯನ್ ಅನ್ನೋದನ್ನೂ ಹಾಕಬಹುದು, ಅದು ಎಲ್ಲಾ ಸಂಖ್ಯೆಗಳನ್ನ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವೆ ಇರೋದನ್ನ ಹೇಳತ್ತೆ, ಒಂದು 38 ಬಂದ್ರೂ ಅಲ್ಲಾಡಲ್ಲ, 3.8 ಅಂತಲೇ ಹೇಳತ್ತೆ. ಆವರೇಜಿಗೂ ಮೀಡಿಯನ್ನಿಗೂ ದೂರ ಜಾಸ್ತಿ ಕಂಡ್ರೆ ಕಾಲಮ್ಮು ಒಂದ್ಸಲ ಕಣ್ಣಾಡಿಸಿ. ಶೀಟು ನಿಮ್ಮದೇ ಆಗಿದ್ರೆ ಡೇಟಾ ವ್ಯಾಲಿಡೇಶನ್ ಅಂತ ಇದೆ, ಫ್ಯಾಟ್ ಕಾಲಮ್ಮಲ್ಲಿ 2ರಿಂದ 12ರ ಒಳಗಿನ ಸಂಖ್ಯೆ ಮಾತ್ರ ಟೈಪ್ ಆಗೋ ಹಾಗೆ ಕಟ್ಟಿಹಾಕಬಹುದು.

ನಾಲ್ಕನೇದು ಮಧ್ಯದಲ್ಲಿ ಬರೋ ಒಟ್ಟು ಅನ್ನೋ ಸಾಲು. ವಾರಕ್ಕೊಂದು ಒಟ್ಟು ಬರೆದಿರ್ತಾರೆ, ದಿನಕ್ಕೊಂದೇ ಸಾಲು ಬರೆಯೋ ಶೀಟಾದ್ರೆ ದಿನಕ್ಕೆ 10 ಲೀಟರಿನ 7 ಸಾಲು, ಕೆಳಗೆ 70 ಅಂತ ಒಂದು ಸಾಲು. ಎಲ್ಲಾ ಸೇರಿಸಿ ಆವರೇಜ್ ತೆಗೆದ್ರೆ 140ನ್ನ 8ರಿಂದ ಭಾಗಿಸಿ 17.5 ಬರತ್ತೆ. ಒಟ್ಟುಗಳನ್ನ ಬೇರೆ ಹಾಳೆಯಲ್ಲಿ ಇಡಿ, ಲೆಕ್ಕದ ಸಾಲುಗಳ ನಡುವೆ ಬೇಡ.

ಇನ್ನು ಕಾಲಮ್ಮಲ್ಲಿ ಎಲ್ಲಾದ್ರೂ ಒಂದೇ ಒಂದು ಎರರ್ ಸೆಲ್ ಇದ್ರೂ ಇಡೀ ಸರಾಸರಿ ಎರರ್ ಆಗತ್ತೆ. ಆ ಸೆಲ್ಲಿನ ಫಾರ್ಮುಲಾನ ಇಫ್‌ಎರರ್ ಒಳಗೆ ಹಾಕಿ, ಎರರ್ ಬಂದ್ರೆ "" ಅಂದ್ರೆ ಖಾಲಿ ಅಕ್ಷರ ಬರ್ಲಿ ಅಂತ ಹೇಳಿದ್ರೆ ಆವರೇಜು ಅದನ್ನ ಬಿಟ್ಟು ಲೆಕ್ಕ ಹಾಕತ್ತೆ. ಅಲ್ಲಿ 0 ಬರೋ ಹಾಗೆ ಮಾತ್ರ ಮಾಡಬೇಡಿ, ಯಾಕೆ ಅಂತ ಮೇಲೆ ನೋಡಿದೀವಲ್ಲ.

ಬೆಳಗ್ಗೆದು ಬೇರೆ, ಸಂಜೆದು ಬೇರೆ ಬೇಕಾದಾಗ

ಒಂದು ಶರತ್ತು ಇದ್ರೆ ಆವರೇಜ್‌ಇಫ್:

=ಆವರೇಜ್‌ಇಫ್(ಬಿ2:ಬಿ61,"ಬೆಳಗ್ಗೆ",ಇ2:ಇ61)

ಬಿ ಕಾಲಮ್ಮಲ್ಲಿ ಬೆಳಗ್ಗೆ ಅಂತ ಇರೋ ಸಾಲುಗಳ ಫ್ಯಾಟ್ ಸರಾಸರಿ ಕೊಡತ್ತೆ. ಎರಡು ಮೂರು ಶರತ್ತು ಇದ್ರೆ, ಉದಾಹರಣೆಗೆ 112ನೇ ಮೆಂಬರಿನ ಬೆಳಗ್ಗೆ ಹಾಲು, ಆಗ ಆವರೇಜ್‌ಇಫ್ಸ್. ಇಲ್ಲೊಂದು ಎಡವೋ ಜಾಗ ಇದೆ, ಆವರೇಜ್‌ಇಫ್ ಅಲ್ಲಿ ಸರಾಸರಿ ತೆಗೆಯೋ ಕಾಲಮ್ಮು ಕೊನೆಗೆ ಬರತ್ತೆ, ಆವರೇಜ್‌ಇಫ್ಸ್ ಅಲ್ಲಿ ಅದೇ ಮೊದಲು ಬರತ್ತೆ:

=ಆವರೇಜ್‌ಇಫ್ಸ್(ಇ2:ಇ5000,ಸಿ2:ಸಿ5000,112,ಬಿ2:ಬಿ5000,"ಬೆಳಗ್ಗೆ")

ಕನ್ನಡದಲ್ಲಿ ಶೀಟ್ ಮಾಡೋರು ಇನ್ನೊಂದು ನೋಡ್ಕೋಬೇಕು. ಒಂದು ಸಾಲಲ್ಲಿ ಬೆಳಗ್ಗೆ, ಇನ್ನೊಂದರಲ್ಲಿ ಬೆಳಿಗ್ಗೆ, ಮತ್ತೊಂದರಲ್ಲಿ ಬೆಳಗೆ ಅಂತ ಇದ್ರೆ ನಮಗೆ ಮೂರೂ ಒಂದೇ, ಶೀಟಿಗೆ ಮೂರು ಬೇರೆ ಬೇರೆ, ಒಂದು ಕಾಗುಣಿತದ ಸಾಲುಗಳನ್ನ ಮಾತ್ರ ತಗೊಳ್ಳತ್ತೆ, ಉಳಿದವು ಬಿಟ್ಟುಹೋಗಿದ್ದು ನಮಗೆ ಗೊತ್ತೇ ಆಗಲ್ಲ. ಡ್ರಾಪ್‌ಡೌನ್ ಪಟ್ಟಿ ಇಟ್ಟು ಆರಿಸೋ ಹಾಗೆ ಮಾಡಿದ್ರೆ ಈ ತೊಂದರೆ ಇಲ್ಲ. ಹೆಸರಿನ ಬದಲು ಮೆಂಬರ್ ನಂಬರ್ ಇಟ್ಕೊಂಡು ಲೆಕ್ಕ ಮಾಡೋದೂ ಇದೇ ಕಾರಣಕ್ಕೆ ಒಳ್ಳೇದು.

ಫಿಲ್ಟರ್ ಹಾಕಿ ನೋಡೋರು ಬಹಳ ಜನ, ಬೆಳಗ್ಗೆ ಸಾಲುಗಳನ್ನ ಮಾತ್ರ ತೋರಿಸೋ ಹಾಗೆ ಫಿಲ್ಟರ್ ಹಾಕಿ ಕೆಳಗಿರೋ ಆವರೇಜ್ ನೋಡ್ತಾರೆ. ಅದು ಬದಲಾಗಿರಲ್ಲ, ಯಾಕಂದ್ರೆ ಆವರೇಜ್ ಫಂಕ್ಷನ್ನಿಗೆ ಬಚ್ಚಿಟ್ಟ ಸಾಲೂ ಲೆಕ್ಕಕ್ಕಿದೆ. ಕಾಣೋ ಸಾಲಿಗೆ ಮಾತ್ರ ಬೇಕು ಅಂದ್ರೆ =ಸಬ್‌ಟೋಟಲ್(101,ಇ2:ಇ61) ಹಾಕಿ. 101 ಅನ್ನೋದು ಸರಾಸರಿಗೆ ಇಟ್ಟಿರೋ ಸಂಕೇತ, ಫಿಲ್ಟರಲ್ಲಿ ಮರೆಯಾದವನ್ನೂ ಕೈಯಲ್ಲಿ ಮರೆ ಮಾಡಿದವನ್ನೂ ಎರಡನ್ನೂ ಬಿಡತ್ತೆ.

ಇಡೀ ಸಂಘದ ವರ್ಷದ ಲೆಕ್ಕ: ಲಕ್ಷ ದಾಟೋ ಸಾಲು

200 ಜನ ಮೆಂಬರು, ದಿನಕ್ಕೆ ಎರಡು ಹೊತ್ತು, 365 ದಿನ ಅಂದ್ರೆ 1,46,000 ಸಾಲು. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಹಿಡಿಯತ್ತೆ, ಚಿಂತೆ ಇಲ್ಲ. ಆದ್ರೆ ಹಳೇ ಎಕ್ಸೆಲ್ ಮಾದರಿ ಫೈಲಲ್ಲಿ 65,536 ಸಾಲು ಅಷ್ಟೇ, ಅದರಲ್ಲಿ ಈ ಸಂಘದ ಐದು ತಿಂಗಳು ಚಿಲ್ಲರೆ ದಿನದ ಲೆಕ್ಕ ಮಾತ್ರ ಕೂರತ್ತೆ. ಹಳೇ ಸಾಫ್ಟ್‌ವೇರಿಂದ ಫೈಲ್ ತೆಗೆದಿದ್ರೆ ಮೊದಲು ಕಂಟ್ರೋಲ್ ಒತ್ತಿ ಹಿಡಿದು ಕೆಳಗಿನ ಬಾಣ ಒತ್ತಿ, ಕೊನೆ ಸಾಲಿನ ತಾರೀಖು ನೋಡಿ. ಮಾರ್ಚ್ 31 ಇರಬೇಕಾದ ಕಡೆ ಸೆಪ್ಟೆಂಬರ್ ಇದ್ರೆ ಅರ್ಧ ವರ್ಷ ಫೈಲಲ್ಲಿಲ್ಲ, ಸರಾಸರಿ ಮಾತ್ರ ಸಲೀಸಾಗಿ ಬರತ್ತೆ.

ಫಾರ್ಮುಲಾ 61ನೇ ಸಾಲಿಗೇ ನಿಂತಿದ್ದು, ಕೆಳಗೆ ಹೊಸ ಸಾಲು ಸೇರ್ತಾ ಹೋಗೋದೂ ಇಂಥದ್ದೇ. ಎಕ್ಸೆಲ್ಲಲ್ಲಿ ಡೇಟಾ ಒಳಗೆ ನಿಂತು ಕಂಟ್ರೋಲ್ ಜೊತೆ ಟಿ ಒತ್ತಿದ್ರೆ ಅದು ಟೇಬಲ್ ಆಗತ್ತೆ, ಆಮೇಲೆ ಎಷ್ಟು ಸಾಲು ಸೇರಿದ್ರೂ ಫಾರ್ಮುಲಾ ಅಲ್ಲಿಗೆ ಹಿಗ್ಗತ್ತೆ. ಇಡೀ ಕಾಲಮ್ಮು ಇ:ಇ ಅಂತ ಕೊಡಬಹುದು, ಆಗ ಫಾರ್ಮುಲಾನ ಅದೇ ಇ ಕಾಲಮ್ಮಲ್ಲಿ ಬರೀಬೇಡಿ, ತನ್ನನ್ನೇ ತಾನು ಲೆಕ್ಕಕ್ಕೆ ತಗೊಂಡು ಸುತ್ತಿ ಸುತ್ತಿ ಎರರ್ ಕೊಡತ್ತೆ.

ಮೆಂಬರ್ ವಾರು, ತಿಂಗಳು ವಾರು ಸರಾಸರಿ ಒಟ್ಟಿಗೆ ಬೇಕು ಅಂದ್ರೆ 200 ಫಾರ್ಮುಲಾ ಬರೆಯೋದು ಬೇಡ, ಪಿವಟ್ ಟೇಬಲ್ ಇದೆ. ಇನ್ಸರ್ಟ್ ಮೆನುವಿನಲ್ಲಿ ಪಿವಟ್ ಟೇಬಲ್ ಆರಿಸಿ ಮೆಂಬರ್ ನಂಬರನ್ನ ಸಾಲಿನ ಜಾಗಕ್ಕೆ ಎಳೆದ್ರೆ ಪ್ರತಿಯೊಬ್ರದ್ದೂ ಒಂದೊಂದು ಸಾಲಾಗಿ ಬರತ್ತೆ. ಅದರಲ್ಲಿ ಫ್ಯಾಟ್ ಹಾಕಿ ಸಮ್ ಬದಲು ಆವರೇಜ್ ಅಂತ ಆರಿಸೋ ಆಯ್ಕೆ ಇರತ್ತೆ, ಆರಿಸ್ತೀವಿ, ಅಲ್ಲಿ ಬರೋದು ಮತ್ತೆ ಅದೇ ನೇರ ಸರಾಸರಿ, ಲೀಟರ್ ನೋಡದೆ ತೆಗೆದಿದ್ದು. ಇದಕ್ಕೆ ಮೂಲ ಶೀಟಲ್ಲೇ ಐ ಕಾಲಮ್ಮಲ್ಲಿ ಕೆಜಿ ಫ್ಯಾಟ್ ಅಂತ ಒಂದು ಕಾಲಮ್ ಮಾಡ್ಕೊಳ್ಳಿ, ಡೇರಿ ಲೆಕ್ಕದಲ್ಲಿ ಬಳಸೋ ಮಾತೇ ಇದು. ಲೀಟರನ್ನ 1.03ರಿಂದ ಗುಣಿಸಿದ್ರೆ ಹಾಲಿನ ತೂಕ ಸುಮಾರಾಗಿ ಕೆಜಿಯಲ್ಲಿ ಬರತ್ತೆ, ಅದನ್ನ ಫ್ಯಾಟಿಂದ ಗುಣಿಸಿ 100ರಿಂದ ಭಾಗಿಸಿ, =ಡಿ2*1.03*ಇ2/100. ಮೇಲಿನ ಉದಾಹರಣೆಯ 12 ಲೀಟರ್ ಹಾಲಲ್ಲಿ 3.8 ಫ್ಯಾಟು ಅಂದ್ರೆ ಸುಮಾರು 0.47 ಕೆಜಿ ಜಿಡ್ಡು. ಪಕ್ಕದ ಜೆ ಕಾಲಮ್ಮಲ್ಲಿ ಹಾಲಿನ ತೂಕ, =ಡಿ2*1.03. ಆಮೇಲೆ ಎಕ್ಸೆಲ್ ಪಿವಟ್ಟಿನ ಕ್ಯಾಲ್ಕುಲೇಟೆಡ್ ಫೀಲ್ಡಲ್ಲಿ (ಪಿವಟ್ ಒಳಗೇ ನಾವು ಬರೆಯೋ ಫಾರ್ಮುಲಾ) ಕೆಜಿ ಫ್ಯಾಟನ್ನ ಹಾಲಿನ ತೂಕದಿಂದ ಭಾಗಿಸಿ 100ರಿಂದ ಗುಣಿಸೋಕೆ ಹೇಳಿ. ಕ್ಯಾಲ್ಕುಲೇಟೆಡ್ ಫೀಲ್ಡು ಮೊದಲು ಎರಡನ್ನೂ ಕೂಡಿ ಆಮೇಲೆ ಭಾಗಿಸತ್ತೆ, ಒಂದೊಂದು ಸಾಲು ಭಾಗಿಸಿ ಆಮೇಲೆ ಕೂಡಲ್ಲ, ಹಾಗಾಗಿ ಪ್ರತಿ ಮೆಂಬರಿನ ಸಾಲಲ್ಲೂ, ಪ್ರತಿ ತಿಂಗಳ ಸಾಲಲ್ಲೂ, ಕೆಳಗಿನ ಒಟ್ಟು ಸಾಲಲ್ಲೂ ತೂಕದ ಸರಾಸರಿಯೇ ಬರತ್ತೆ. ಒಕ್ಕೂಟದ ಕಡೆಯಿಂದ ಬಂದ ಫ್ಯಾಟಿನ ಪಕ್ಕ ಇಟ್ಟು ನೋಡಬೇಕಾಗಿರೋದು ಆ ಒಟ್ಟು ಸಾಲಿನ ಸಂಖ್ಯೆಯನ್ನ.